ಪೇಪರ್ ಸಣ್ಣ ಆದದ್ದಕ್ಕೆ ಬೇಜಾರಿಲ್ಲ, ಅಕ್ಷರ ಸಣ್ಣ ಆದದ್ದಕ್ಕೆ ಉಂಟು

ನಮ್ಮ ಮನೆಗೆ ಬರುವ ಪೇಪರಿನ ಸೈಜು ಬದಲಾಗಿ ಇವತ್ತಿಗೆ ಐದು ವಾರ ಆಯ್ತು. ಮೊದಲ ದಿನವೇ ಬರೆಯುವ ಅಂತ ಇದ್ದೆ, ಆದ್ರೆ ಹೊಸತು ಅಂದ್ರೆ ಶುರುವಿಗೆ ಯಾರಿಗಾದ್ರೂ ಕಿರಿಕಿರಿ ಆಗಿಯೇ ಆಗ್ತದೆ, ಸ್ವಲ್ಪ ದಿನ ಓದಿ ನೋಡುವ, ಆಮೇಲೆ ಹೇಳುವ ಅಂತ ಸುಮ್ಮನಾದೆ. ಪೇಪರಿನ ಹೆಸರು ಬೇಡ. ಮಂಗಳೂರಲ್ಲಿ ಪ್ರಿಂಟಾಗಿ ತಲಪಾಡಿ ಗಡಿ ದಾಟಿ ಕೇರಳದ ಈಚೆ ಬರುವ ಪೇಪರುಗಳಲ್ಲಿ ಒಂದು ಅಂತ ಇಟ್ಕೊಳ್ಳಿ. ಕಾಸರಗೋಡಿನ ಬದಿಯಡ್ಕ ಹತ್ರದ ಈ ಮನೆಗೆ ನಾನು ಮದುವೆಯಾಗಿ ಬರುವ ಮೊದಲೇ ಅದು ಬರ್ತಾ ಇತ್ತು, ಮಾವನವರು ಬೇರೆ ಪೇಪರ್ ತರಿಸಿದ್ದನ್ನು ನಾನು ನೋಡಿಲ್ಲ.

ಆ ದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತು ಪೇಪರ್ ತೆಗೆದವರು ಒಳಗೆ ಕರೆದು ಕೇಳಿದ್ರು, "ಎಂತ ಇದು, ನಿನ್ನೆಯ ಸಂಜೆ ಪೇಪರ್ ಈಗ ಹಾಕಿ ಹೋದದ್ದಾ?" ಕಾಸರಗೋಡಲ್ಲಿ ಸಣ್ಣ ಸೈಜು ಅಂದ್ರೆ ಸಂಜೆ ಪೇಪರು, ಬೆಳಗ್ಗಿನದ್ದು ಅಂದ್ರೆ ಎರಡೂ ಕೈ ಅಗಲಿಸಿ ಹಿಡಿಯುವಂಥದ್ದು, ಅದು ಇಲ್ಲಿಯ ರೂಢಿ. ನಾನು ಹೋಗಿ ನೋಡಿದೆ. ಹೆಸರಿನ ಅಕ್ಷರ ಬೇರೆ, ಬಣ್ಣ ಬೇರೆ, ಎದುರು ಪುಟದಲ್ಲಿ ಅರ್ಧಕ್ಕರ್ಧ ಒಂದೇ ಫೋಟೋ, ಕೆಳಗೆ ಸಂಪಾದಕರದ್ದು ಒಂದು ಪತ್ರ: ಓದುಗರ ಕೈಗೆ ಹಿತವಾಗುವ ಹಾಗೆ ಗಾತ್ರ ಬದಲಿಸಿದ್ದೇವೆ, ಇನ್ನು ದಿನಾ 24 ಪುಟ.

24 ಪುಟ ಅಂದದ್ದು ನನಗೆ ಸ್ವಲ್ಪ ತಲೆಗೆ ಹೋಯ್ತು. ಮೊದಲು 14 ಪುಟ ಬರ್ತಿತ್ತು. ಮಗನ ಸ್ಕೇಲ್ ತಂದು ಅಳೆದೆ. ಹಳೆಯದ್ದು ಅಗಲ 34 ಸೆಂಟಿಮೀಟರ್, ಎತ್ತರ 54.6. ಹೊಸತು ಅಗಲ 27.3, ಎತ್ತರ 34. ಹಿಂದಿನ ದಿನದ ಪೇಪರನ್ನು ನಡುವಿಗೆ ಮಡಚಿ ಅಡ್ಡ ತಿರುಗಿಸಿ ಹೊಸದರ ಮೇಲೆ ಇಟ್ಟೆ, ನಾಲ್ಕೂ ಮೂಲೆ ತಾಳೆ ಆಯ್ತು. ಅಂದ್ರೆ ಮಿಷನ್ ಅದೇ, ಕಾಗದದ ರೀಲೂ ಅದೇ, ಒಂದು ಮಡಿಕೆ ಮಾತ್ರ ಜಾಸ್ತಿ. ವೆಬ್ ಆಫ್‌ಸೆಟ್ ಪ್ರೆಸ್ಸಲ್ಲಿ ರೀಲಿನ ಅಗಲವನ್ನು ಹೆಚ್ಚುಕಮ್ಮಿ ಮಾಡ್ಬಹುದು, ಆದ್ರೆ ಒಂದು ಸುತ್ತಿಗೆ ಎಷ್ಟು ಉದ್ದ ಕತ್ತರಿಸಿ ಬೀಳ್ತದೆ ಅನ್ನುವುದು ಸಿಲಿಂಡರಿನ ಸುತ್ತಳತೆಯಲ್ಲೇ ನಿಂತದ್ದು, ಅದನ್ನು ಬದಲಿಸಲಿಕ್ಕೆ ಆಗುವುದಿಲ್ಲ, ಹಾಗಾಗಿ ಸಣ್ಣ ಮಾಡುವುದಾದ್ರೆ ಸುಲಭದ ದಾರಿ ಇದೊಂದೇ, ಅರ್ಧ ಮಾಡುವುದು. ಈಗ ಲೆಕ್ಕ ಹಾಕಿ. ಎರಡು ಸಣ್ಣ ಪುಟ ಸೇರಿದ್ರೆ ಒಂದು ದೊಡ್ಡ ಪುಟ, 24 ಅಂದ್ರೆ ಹಳೆಯ 12. ನಮಗೆ ಎರಡು ಪುಟ ಕಮ್ಮಿ ಆಯ್ತು. ಸಣ್ಣ ಪುಟ ಒಂದೊಂದಕ್ಕೂ ನಾಲ್ಕು ಬದಿ ಬಿಳಿ ಅಂಚು ಬಿಡ್ಬೇಕು, ಅದರಲ್ಲಿ ಇನ್ನಷ್ಟು ಹೋಯ್ತು. ರೇಟು ಮಾತ್ರ ಇದ್ದದ್ದೇ ಉಂಟು.

ಕಾಗದಕ್ಕೆ ಕ್ರಯ ಉಂಟು ಅಂತ ನನಗೆ ಗೊತ್ತು ಮಾರಾಯ್ರೆ. ನ್ಯೂಸ್‌ಪ್ರಿಂಟ್ ತುಂಬ ಮಟ್ಟಿಗೆ ಹೊರದೇಶದಿಂದ ಬರ್ಬೇಕು, 2019ರ ಬಜೆಟ್ಟಲ್ಲಿ ಅದಕ್ಕೆ 10 ಪರ್ಸೆಂಟ್ ಸುಂಕ ಹಾಕಿ ಮರುವರ್ಷ 5ಕ್ಕೆ ಇಳಿಸಿದ್ರು, ಮಾರ್ಕೆಟ್ ಏರಿದ್ರೆ ಪೇಪರಿನವರು ಎಂತ ಮಾಡ್ಲಿಕ್ಕೆ ಆಗ್ತದೆ. ಕಾಗದ ದುಬಾರಿ ಆಗಿದೆ, ಎರಡು ಪುಟ ಕಮ್ಮಿ ಮಾಡಿದ್ದೇವೆ ಅಂತ ನೇರ ಹೇಳಿದ್ರೆ ನಮ್ಮಂಥ ಹಳೆ ಓದುಗರು ಒಪ್ತಿದ್ದೆವು. ಜಾಸ್ತಿ ಕೊಡ್ತಾ ಇದ್ದೇವೆ ಅಂದದ್ದು ನನಗೆ ಸರಿ ಕಾಣ್ಲಿಲ್ಲ.

ಒಳ್ಳೆಯದಾದ್ದನ್ನೂ ಹೇಳ್ಬೇಕು. ಸೈಜು ನಿಜವಾಗಿ ಕೈಗೆ ಹಿತ ಉಂಟು. ನಾನು ಕನ್ನಡ ಮೀಡಿಯಂ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಯಲ್ಲಿ ಟೀಚರ್, ದಿನಾ ಬಸ್ಸಲ್ಲಿ ಹೋಗುವವಳು, ದೊಡ್ಡ ಪೇಪರನ್ನು ಬಸ್ಸಲ್ಲಿ ಬಿಡಿಸಿದ್ರೆ ಪಕ್ಕದವರ ಮೂಗಿಗೆ ತಾಗ್ತಿತ್ತು, ಈಗ ಮಡಿಲಲ್ಲೇ ಇಟ್ಟು ಓದ್ಬಹುದು. ಶಾಲೆಯ ಅಸೆಂಬ್ಲಿಯಲ್ಲಿ ಮಕ್ಕಳು ವಾರ್ತೆ ಓದುವುದುಂಟು, ಮೂರನೇ ಕ್ಲಾಸಿನ ಹುಡುಗಿ ದೊಡ್ಡ ಪೇಪರ್ ಹಿಡಿದು ನಿಂತ್ರೆ ತಲೆಯಿಂದ ಮೊಣಕಾಲಿನವರೆಗೆ ಪೇಪರೇ ಕಾಣುವುದು, ಸ್ವರ ಮಾತ್ರ ಹಿಂದಿನಿಂದ ಬರುವುದು. ಈಗ ಅವಳ ಮುಖ ಕಾಣ್ತದೆ, ಬಾಯಿ ಬಿಟ್ಟು ಓದುವುದು ಕಾಣ್ತದೆ. ನನಗೆ ಅದು ತುಂಬ ಖುಷಿ ಆಯ್ತು. ಫೋಟೋ ಪ್ರಿಂಟೂ ಮೊದಲಿಗಿಂತ ಚೆಂದ.

ಆದ್ರೆ ಅಕ್ಷರ. ಪುಟ ಅರ್ಧ ಆಯ್ತು ಅಂತ ಅಕ್ಷರವನ್ನೂ ಸಣ್ಣ ಮಾಡಿದ್ದು ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ, ಓದುವ ಕಣ್ಣು ಅರ್ಧ ಆಗಿಲ್ಲ ಅಲ್ವಾ? ಅದೇ ಸ್ಕೇಲಲ್ಲಿ ಹತ್ತು ಸಾಲು ಅಳೆದೆ, ಮೊದಲು 4.2 ಸೆಂಟಿಮೀಟರ್ ಇದ್ದದ್ದು ಈಗ 3.7. ಅರ್ಧ ಸೆಂಟಿಮೀಟರ್ ತಾನೇ ಅಂತ ಕಾಣ್ಬಹುದು, ಇಂಗ್ಲಿಷ್ ಪೇಪರಿಗೆ ಅದು ನಡೀತದೆ, ಅವರದ್ದು ಅಕ್ಷರದ ಕೆಳಗೆ ಅಪರೂಪಕ್ಕೆ ಒಂದು ಬಾಲ ಇಳಿಯುವುದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂತ್ಕೊಳ್ಬೇಕು, ಗುಡಿಸು ಮೇಲೆ ಹೋಗ್ಬೇಕು, ಆ ಎರಡಕ್ಕೂ ಸಾಲಿನ ನಡುವೆ ಜಾಗ ಬೇಕು. ಮೊನ್ನೆ ಎರಡನೇ ಪುಟದಲ್ಲಿ "ರಾಷ್ಟ್ರೀಯ" ಅಂತ ಒಂದು ಶಬ್ದ, ಅದರ ಟ ಒತ್ತು ಇಳಿದು ಕೆಳಗಿನ ಸಾಲಿನ "ಸಮಿತಿ"ಯ ಗುಡಿಸಿನ ಮೇಲೆ ಕೂತಿತ್ತು, ಎರಡೂ ಸೇರಿ ಒಂದು ಕಪ್ಪು ಗಂಟು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಾನು ದಿನಾ ಹೇಳಿಕೊಡುವುದು ಅದೇ, ಸತ್ಯಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ಇರುವುದು ಆ ಕೆಳಗಿನ ಸಣ್ಣ ಅಕ್ಷರದಲ್ಲಿ, ಅದನ್ನು ಬಿಡಿಸಿ ಬರೀರಿ ಅಂತ. ಪೇಪರಲ್ಲೇ ಅದು ಕಾಣದಿದ್ರೆ ಮಕ್ಕಳಿಗೆ ನಾನು ಎಂತ ತೋರಿಸುವುದು? ಕನ್ನಡದ ಮೊದಲ ಪತ್ರಿಕೆ ಬಂದದ್ದೇ ನಮ್ಮ ಈ ಕಡೆಯಿಂದ, 1843ರ ಜುಲೈ 1ಕ್ಕೆ ಮಂಗಳೂರಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ತಂದ ಮಂಗಳೂರ ಸಮಾಚಾರ, ಅದೂ ಕಲ್ಲಚ್ಚಿನಲ್ಲಿ. ಅದೇ ಮಂಗಳೂರಲ್ಲಿ ಇವತ್ತು ಕಂಪ್ಯೂಟರಿಟ್ಟು ಪುಟ ಕಟ್ಟುವವರಿಗೆ ಒತ್ತಕ್ಷರಕ್ಕೆ ಜಾಗ ಬಿಡುವುದು ಕಷ್ಟದ ಕೆಲಸ ಅಂತ ನಾನು ನಂಬುವುದಿಲ್ಲ.

ಇನ್ನೊಂದು, ಫೋಟೋದ ಬದಿಗೆ ಸುದ್ದಿಯನ್ನು ಸಪೂರ ಮಾಡಿ ಇಳಿಸ್ತಾರಲ್ಲ, ಅಲ್ಲಿ "ಜಿಲ್ಲಾಧಿಕಾರಿಯವರೊಂದಿಗೆ" ಅಂತ ಒಂದು ಶಬ್ದ ಬಂದ್ರೆ ಸಾಲು ಮುಗೀತು. ಅದರ ಮೇಲಿನ ಸಾಲಲ್ಲಿ ಎರಡೇ ಶಬ್ದ, ನಡುವೆ ಬೆರಳು ಇಡುವಷ್ಟು ಖಾಲಿ. ಓದ್ತಾ ಓದ್ತಾ ತಡವರಿಸ್ತದೆ.

ಪದಬಂಧದ ಚೌಕದಲ್ಲಿ ಪೆನ್ನಲ್ಲಿ "ಕ್ಷ್ಮಿ" ಬರೆಯಲಿಕ್ಕೆ ಆಗುವುದಿಲ್ಲ, ಪಕ್ಕದ ಮನೆಗೆ ಹೋಗ್ತದೆ. ಅದನ್ನು ನಾನು ಬಿಟ್ಟೇ ಬಿಟ್ಟೆ.

ಈಗ ಮಾವನವರ ವಿಷಯಕ್ಕೆ ಬರ್ತೇನೆ, ನಾನು ಇಷ್ಟು ಬರೆಯಲಿಕ್ಕೆ ಕೂತದ್ದೇ ಅವರಿಗೋಸ್ಕರ. ಅವರಿಗೆ 82, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಬೆಳಿಗ್ಗೆ ಪೇಪರ್ ಬಂದ ಕೂಡ್ಲೆ ಮೊದಲು ನೋಡುವುದು ಅಡಿಕೆ ರೇಟು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕರಿಗೋಟು, ಆಮೇಲೆ ಕಾಳುಮೆಣಸು, ರಬ್ಬರು, ಕೊಬ್ಬರಿ. ನೋಡಿ ಒಂದು ಹಳೆ ಡೈರಿಯಲ್ಲಿ ಬರ್ಕೊಳ್ಳುವುದು, ಅದು ಎಷ್ಟೋ ವರ್ಷದ ಅಭ್ಯಾಸ, ಯಾವಾಗ ಕೊಡ್ಬೇಕು ಯಾವಾಗ ಇಟ್ಕೊಳ್ಬೇಕು ಅಂತ ಇವರು, ಅಂದ್ರೆ ನನ್ನ ಗಂಡ, ಸಹ ಆ ಡೈರಿ ನೋಡಿಯೇ ನಿರ್ಧಾರ ಮಾಡುವುದು. ಮೊದಲು ಆ ಪೆಟ್ಟಿಗೆ ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ, ಸಾದಾ. ಹೊಸ ಡಿಸೈನಲ್ಲಿ ತಿಳಿ ಹಸಿರು ಬಣ್ಣ ತುಂಬಿಸಿ ಅದರ ಮೇಲೆ ಬಿಳಿ ಅಂಕೆ. ಕಂಪ್ಯೂಟರಲ್ಲಿ ನೋಡುವಾಗ ಅದು ಚೆಂದವೇ ಇದ್ದಿರ್ಬಹುದು, ಆದ್ರೆ ಕಾಗದದ ಮೇಲೆ ಹಸಿರು ಅಂದ್ರೆ ನೀಲಿ ಮತ್ತು ಹಳದಿ ಎರಡು ಶಾಯಿ ಒಂದರ ಮೇಲೆ ಒಂದು ಬೀಳ್ಬೇಕು, ಒಂದು ಕೂದಲೆಳೆ ಆಚೀಚೆ ಆದ್ರೂ ನಡುವಿನ ಬಿಳಿ ಅಂಕೆಯ ಹೊಟ್ಟೆ ತುಂಬಿ ಹೋಗ್ತದೆ. ಎರಡನೇ ವಾರ ಒಂದು ದಿನ ಮಾವ ಪೇಪರನ್ನು ಅಂಗಳದ ಬಿಸಿಲಿಗೆ ಹಿಡ್ಕೊಂಡು ಹೋಗಿ, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಕೊನೆಗೆ ನನ್ನ ಹತ್ರ ಬಂದು ಕೇಳಿದ್ರು, "ಇದು ಮೂರಾ ಎಂಟಾ ಮಗಾ?" ನನಗೂ ಗೊತ್ತಾಗ್ಲಿಲ್ಲ. ಬದಿಯಡ್ಕಕ್ಕೆ ಫೋನ್ ಮಾಡಿ ಕೇಳಿದ್ದು.

ಸಾಯಂಕಾಲದ ಯಕ್ಷಗಾನ ಆಟ ಎಲ್ಲಿ ಅಂತ ನೋಡುವುದು ಅವರ ಎರಡನೇ ಕೆಲಸ. ಮೇಳಗಳ ತಿರುಗಾಟ ಶುರುವಾದ್ರೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಆ ಪಟ್ಟಿ ಇಲ್ಲದೆ ಪೇಪರ್ ಪೂರ್ತಿ ಆಗುವುದಿಲ್ಲ ನಮ್ಮ ಕಡೆಯವರಿಗೆ, ಕಟೀಲು ಮೇಳ ಇವತ್ತು ಎಲ್ಲಿ, ಧರ್ಮಸ್ಥಳ ಮೇಳ ಎಲ್ಲಿ, ಅಂತ ಹೋಗದಿದ್ರೂ ನೋಡ್ತಾರೆ. ಈಗ ಮೂರು ಮೇಳದ್ದು ಹಾಕಿ ಉಳಿದದ್ದಕ್ಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂತ ಹಾಕ್ತಾರೆ. ಮಾವನ ಹತ್ರ ಇರುವುದು ಬಟನ್ ಫೋನು. ನಿಧನ ಸುದ್ದಿ ಏಳನೇ ಪುಟದಿಂದ ಹತ್ತೊಂಬತ್ತಕ್ಕೆ ಹೋಗಿದೆ, ಫೋಟೋ ಸ್ಟಾಂಪಿನಷ್ಟು, ಊರಿನವರೇ ಆದ್ರೂ ಮುಖ ಗುರುತು ಹಿಡಿಯಲಿಕ್ಕೆ ಹೆಸರೇ ಓದ್ಬೇಕು. ಕಳೆದ ತಿಂಗಳು ಮಾವನ ಜೊತೆ ಓದಿದವರೊಬ್ಬರು ಹೋದದ್ದು ಹಾಗೆ ತಪ್ಪಿ ಹೋಯ್ತು, ಉತ್ತರಕ್ರಿಯೆಗೆ ಎರಡು ದಿನ ಇರುವಾಗ ಬೇರೆಯವರು ಹೇಳಿ ಗೊತ್ತಾದದ್ದು.

ಊರಿನ ಬಾಕಿಯವರು ಎಂತ ಹೇಳ್ತಾರೆ ಅಂತಲೂ ಕೇಳಿದೆ. ಪೇಪರ್ ಹಾಕುವ ಹುಡುಗನಿಗೆ ಭಾರಿ ಸುಲಭ ಆಗಿದೆಯಂತೆ, ಬೈಕಿನ ಚೀಲದಲ್ಲಿ ಜಾಸ್ತಿ ಹಿಡೀತದೆ. ಪೇಟೆಯ ಹೋಟ್ಲಿನವರು ಬೇಡ ಅಂತಾರೆ, ಮೊದಲು ಒಂದು ಪೇಪರನ್ನು ಹಾಳೆ ಹಾಳೆ ಬಿಡಿಸಿ ನಾಲ್ಕು ಜನ ಚಾ ಕುಡೀತಾ ಓದ್ತಿದ್ರು, ಈಗ ಫ್ಯಾನ್ ಹಾಕಿದ್ರೆ ಆರು ಹಾಳೆಯೂ ಆರು ಕಡೆಗೆ ಹೋಗ್ತದೆ, ಪಿನ್ನೂ ಇಲ್ಲ ಅಂಟೂ ಇಲ್ಲ, ಮತ್ತೆ ಜೋಡಿಸುವಾಗ ಐದರ ನಂತರ ಹದಿನೇಳು. ನಮ್ಮ ಶಾಲೆಯ ಇನ್ನೊಬ್ಬ ಟೀಚರಿಗೆ ಡಿಸೈನ್ ಪೂರ್ತಿ ಇಷ್ಟ ಆಗಿದೆ, ಅವರ ಮಗಳು ಪಿಎಸ್‌ಸಿ ಪರೀಕ್ಷೆಗೆ ಓದ್ತಾ ಇದ್ದಾಳೆ, ಸಣ್ಣ ಪುಟ ಆದ್ರೆ ಕತ್ತರಿಸಿ ಫೈಲ್ ಮಾಡ್ಲಿಕ್ಕೆ ಒಳ್ಳೆಯದಾಗ್ತದಂತೆ. ಹಾಗಾಗಿ ಎಲ್ಲರಿಗೂ ಬೇಜಾರು ಅಂತ ನಾನು ಹೇಳುವುದಿಲ್ಲ. ವಯಸ್ಸಾದವರಿಗೆ ಮಾತ್ರ ಒಬ್ಬರಿಗೂ ಹಿಡಿಸಿಲ್ಲ, ದಿನಾ ಪೇಪರ್ ಕೊನೆಯ ಸಾಲಿನವರೆಗೆ ಓದುವುದು ಅವರೇ.

ನನಗೆ ತುಂಬ ನೋವಾದ್ದು ಕಾಸರಗೋಡು ಪುಟದ್ದು. ಮೊದಲು ಒಂದು ಪೂರ್ತಿ ದೊಡ್ಡ ಪುಟ ಇತ್ತು, ಈಗ ಒಂದು ಸಣ್ಣ ಪುಟ, ಅದರಲ್ಲೂ ಕೆಳಗೆ ಜಾಹೀರಾತು. ಲೆಕ್ಕಕ್ಕೆ ಪುಟ ಒಂದೇ, ಇರುವುದು ಅರ್ಧ. ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಸುದ್ದಿ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ. ಶಾಲೆಯ ಕಲೋತ್ಸವದಲ್ಲಿ ಕನ್ನಡ ಕಂಠಪಾಠಕ್ಕೆ ಬಹುಮಾನ ಬಂದ ಮಕ್ಕಳ ಹೆಸರು ಹಾಕುವವರು ಬೇರೆ ಯಾರು ಉಂಟು ಇಲ್ಲಿ? ಮಂಗಳೂರು, ಬೆಂಗಳೂರಿನವರಿಗೆ ಕನ್ನಡ ಬೋರ್ಡಲ್ಲಿ ಉಂಟು, ಬಸ್ಸಲ್ಲಿ ಉಂಟು, ಆಫೀಸಲ್ಲಿ ಉಂಟು. ನಮಗೆ ಹಾಗಲ್ಲ. ಬಸ್ಸಿನ ಬೋರ್ಡು ಮಲಯಾಳ, ಫಾರ್ಮು ಮಲಯಾಳ, ಪಂಚಾಯತಿಗೆ ಹೋದ್ರೆ ಕನ್ನಡದ ಅರ್ಜಿ ಕೇಳಿ ಪಡೀಬೇಕು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರುವಾಗ ಮಾವನಿಗೆ 13 ವರ್ಷ. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಹೋಗ್ಬೇಕು ಅಂತ ಬಂದದ್ದನ್ನು ಅವರು ಪೇಪರಲ್ಲೇ ಓದಿದ್ದು, ಈಗಲೂ ಹೇಳ್ತಾರೆ. ದಿನಾ ಬೆಳಿಗ್ಗೆ ಮನೆ ಬಾಗಿಲಿಗೆ ತಾನಾಗಿ ಬರುವ ಕನ್ನಡ ಅಂದ್ರೆ ನಮಗೆ ಅದೊಂದೇ, ಪೇಪರು. ಅದರ ಅಗಲ ಎಷ್ಟಾದ್ರೂ ಇರ್ಲಿ, ನಮ್ಮ ಪುಟ ಯಾಕೆ ಅರ್ಧ ಮಾಡಿದ್ದು?

ಸೈಜು ಬದಲಿಸಿದವರು ಇವರೇ ಮೊದಲಲ್ಲ. ಲಂಡನ್ನಿನ ದ ಟೈಮ್ಸ್ 2003ರಲ್ಲಿ ಸಣ್ಣ ಸೈಜು ತಂದಾಗ ಸುಮಾರು ಒಂದು ವರ್ಷ ದೊಡ್ಡದನ್ನೂ ಸಣ್ಣದನ್ನೂ ಒಟ್ಟಿಗೆ ಮಾರಿ, 2004ರಲ್ಲಿ ಪೂರ್ತಿ ಸಣ್ಣದಕ್ಕೆ ಹೋಯ್ತು. ಗಾರ್ಡಿಯನ್ 2005ರಲ್ಲಿ ನಡುವಿನ ಒಂದು ಸೈಜಿಗೆ ಹೋಗ್ಲಿಕ್ಕೆ ಹೊಸ ಪ್ರೆಸ್ಸೇ ಹಾಕಿಸಿ, ಕೊನೆಗೆ 2018ರಲ್ಲಿ ಅದೂ ಸಣ್ಣ ಆಯ್ತು. ನಮ್ಮವರು ಎರಡು ಸೈಜು ಪ್ರಿಂಟ್ ಮಾಡ್ಲಿ ಅಂತ ಕೇಳುವಷ್ಟು ದೊಡ್ಡ ಮಾತು ನನ್ನದಲ್ಲ, ಒಂದು ವಾರ ಮೊದಲು ಮಾದರಿ ಪುಟ ಹಾಕಿ ಹೇಗುಂಟು ಅಂತ ಕೇಳ್ಬಹುದಿತ್ತು.

ಅಭಿಪ್ರಾಯ ತಿಳಿಸಿ ಅಂತ ನಂಬರ್ ಕೊಟ್ಟಿದ್ರು, ಮಾಡಿದೆ. ಫೋನ್ ತೆಗೆದ ಹುಡುಗ ಮರ್ಯಾದೆಯಲ್ಲಿ ಮಾತಾಡಿದ, ಪೂರ್ತಿ ಕೇಳಿ ಬರ್ಕೊಂಡ. ನಾನು ಹೇಳಿದ್ದು ಮೂರೇ: ಸಾಲಿನ ಅಂತರ ಮೊದಲಿನಷ್ಟು ಮಾಡಿ, ರೇಟಿನ ಪೆಟ್ಟಿಗೆಯ ಬಣ್ಣ ತೆಗೀರಿ, ಕಾಸರಗೋಡಿಗೆ ಎರಡು ಸಣ್ಣ ಪುಟ ಕೊಡಿ. ಎರಡು ವಾರ ಕಳೆದ ಮೇಲೆ ಎದುರು ಪುಟದ ಸಾಲು ಸ್ವಲ್ಪ ಬಿಡಿಸಿ ಬರ್ತಾ ಉಂಟು, ಅಳೆದು ನೋಡಿದೆ, ಹತ್ತು ಸಾಲಿಗೆ 4 ಸೆಂಟಿಮೀಟರ್. ಒಳಗಿನ ಪುಟ ಹಾಗೇ ಉಂಟು.

ಐದರಲ್ಲಿ ಮೂರು ಸ್ಟಾರ್ ಕೊಡ್ತೇನೆ, ಎರಡು ಸೈಜಿಗೆ, ಒಂದು ಆ ಎದುರು ಪುಟಕ್ಕೆ. ಚಂದಾ ಡಿಸೆಂಬರ್ ವರೆಗೆ ಕಟ್ಟಿದ್ದೇವೆ. ಬೇರೆ ಪೇಪರ್ ತರಿಸುವನಾ ಅಂತ ಇವರು ಕೇಳಿದ್ದಕ್ಕೆ ಮಾವ ಬೇಡ ಅಂದ್ರು. ಈಗ ಬೆಳಿಗ್ಗೆ ದೋಸೆ ಕಾವಲಿ ಒಲೆಗಿಟ್ಟು ಜಗಲಿಗೆ ಬಂದು ರೇಟಿನ ಪೆಟ್ಟಿಗೆಯನ್ನು ನಾನು ಜೋರಾಗಿ ಓದಿ ಹೇಳ್ತೇನೆ, ಮಾವ ಡೈರಿಯಲ್ಲಿ ಬರ್ಕೊಳ್ತಾರೆ.