ಎಚ್ಚರಿಕೆ: ‘ಬರೀ 780 ಅವರ್ (ಗಂಟೆ) ಓಡಿದೆ’ ಅನ್ನುವ ಎಚ್‌ಎಸ್‌ಟಿ ಮಿನಿ ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ಇದನ್ನು ಓದಿ

ಬೆಂಗಳೂರು ಸುತ್ತಮುತ್ತ ಸಣ್ಣ ತೋಟ ಇಟ್ಟುಕೊಂಡು ಸೆಕೆಂಡ್ ಹ್ಯಾಂಡ್ ಎಚ್‌ಎಸ್‌ಟಿ ಮಿನಿ ಟ್ರ್ಯಾಕ್ಟರ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಎಚ್‌ಎಸ್‌ಟಿ ಅಂದರೆ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್, ಪಂಪ್ ತಳ್ಳುವ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ ವ್ಯವಸ್ಥೆ. ನನಗೆ 3,40,000 ರೂಪಾಯಿಗೆ ಟೋಪಿ ಹಾಕಿದ್ದಾರೆ. ಗಾಡಿ ಮಾರಿದ ಯಾರ್ಡ್ (ಹಳೇ ಗಾಡಿ ಮಾರುವ ಜಾಗ) ಹೆಸರು ಬರೆಯುತ್ತಿಲ್ಲ. ನೋಟಿಸ್ ಹೋಗಿದೆ, ಸದ್ಯಕ್ಕೆ ಹೆಸರು ಬೇಡ ಎಂದು ವಕೀಲರು ಹೇಳಿದ್ದಾರೆ. ಬಾಯಿ ತುದಿಗೆ ಬಂದಿದೆ, ತಡೆದುಕೊಂಡಿದ್ದೇನೆ.

ದೊಡ್ಡಬಳ್ಳಾಪುರ ಕಡೆ ನಮ್ಮದೊಂದು ಸಣ್ಣ ತೋಟ. ಹುಲ್ಲು ಕತ್ತರಿಸೋದು, ಗೊಬ್ಬರ ಸಾಗಿಸೋದು, ಇಷ್ಟೇ ಕೆಲಸ. ಆಳು ಸಿಗಲ್ಲ, ನಾನೇ ಓಡಿಸಬೇಕು. ಗೇರ್ ಹಾಕಿ ತೆಗೆದು ಮಾಡುವ ತಾಪತ್ರಯ ಇಲ್ಲದ, ಪೆಡಲ್ ಒತ್ತಿದರೆ ಮುಂದೆ, ಹಿಂದಕ್ಕೆ ಒತ್ತಿದರೆ ಹಿಂದೆ ಹೋಗುವ ಗಾಡಿ ಬೇಕಿತ್ತು. ನಮ್ಮಲ್ಲಿ ಎಚ್‌ಎಸ್‌ಟಿ ಗಾಡಿ ಅಪರೂಪ. ಅದೇ ಇವರ ಬಂಡವಾಳ. ಅಪರೂಪದ ಗಾಡಿ ಅಂದರೆ ನಾಲ್ಕು ಜನರನ್ನು ಕೇಳಿ ನೋಡೋಣ ಅಂದರೂ ಗೊತ್ತಿರುವವರು ಸಿಗಲ್ಲ.

“ಕ್ಯಾಂಪಸ್ ಗಾಡಿ ಸರ್. ಐಟಿ ಕಂಪನಿಯಲ್ಲಿ ಹುಲ್ಲು ಕತ್ತರಿಸಿದ್ದು ಬಿಟ್ಟರೆ ಬೇರೆ ಕೆಲಸ ಕಂಡಿಲ್ಲ. 780 ಅವರ್ ಅಷ್ಟೇ” ಅಂದ ಯಾರ್ಡ್‌ನವನು. ಎಚ್‌ಎಸ್‌ಟಿ ಎಷ್ಟು ಬಾಳಿಕೆ ಬರುತ್ತೆ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅವನ ಉತ್ತರ ಇನ್ನೂ ಕಿವಿಯಲ್ಲಿದೆ: “ಗೇರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ಸವೆಯೋಕೆ ಏನಿದೆ ಸರ್? ಬರೀ ಆಯಿಲ್. ಲೈಫ್‌ಟೈಮ್ ಗಾಡಿ.”

ಲೈಫ್‌ಟೈಮ್ ಅಂತೆ! ಯಾರ ಲೈಫ್‌ಟೈಮು?

ಯಾರ್ಡ್‌ನಲ್ಲಿ ಓಡಿಸಿ ತೋರಿಸಿದ. ಬೆಳಿಗ್ಗೆ, ಸಮತಟ್ಟು ಸಿಮೆಂಟ್ ನೆಲ, ಎಂಜಿನ್ ತಣ್ಣಗಿತ್ತು. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡಿತು. ಮೈಯೆಲ್ಲ ಹೊಸ ಬಣ್ಣ, ಪೆಡಲ್‌ಗೆ ಹೊಸ ರಬ್ಬರ್. “ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿಸಿದ್ದೀನಿ ಸರ್” ಅಂದ. ಈ ಮಾತು ನೆನಪಿಡಿ, ಮುಂದೆ ಬರುತ್ತೆ.

ತೋಟದಲ್ಲಿ ಹುಲ್ಲು ಕತ್ತರಿಸುವಾಗ ಏನೂ ಗೊತ್ತಾಗಲಿಲ್ಲ. ಒಂದಿನ ಟ್ರೇಲರ್‌ಗೆ ಕೊಟ್ಟಿಗೆ ಗೊಬ್ಬರ ತುಂಬಿಕೊಂಡು ಬಾವಿ ಪಕ್ಕದ ಏರು ಹತ್ತಿಸುತ್ತಿದ್ದೆ. ಅಷ್ಟೊತ್ತಿಗೆ ಮುಕ್ಕಾಲು ಗಂಟೆ ಕೆಲಸ ಮಾಡಿ ಗಾಡಿ ಬಿಸಿಯಾಗಿತ್ತು. ಅರ್ಧ ಏರಿನಲ್ಲಿ ನಿಂತೇಬಿಟ್ಟಿತು. ಎಂಜಿನ್ ಆಫ್ ಆಗಿಲ್ಲ, ಜೋರಾಗಿ ಓಡುತ್ತಲೇ ಇದೆ. ನಿಧಾನಕ್ಕೆ ಹೋದರೂ ಹೆಚ್ಚು ಎಳೆಯುವ ಲೋ ರೇಂಜ್‌ನಲ್ಲೇ ಇದ್ದೇನೆ. ಪೆಡಲ್ ಒತ್ತಿದರೆ ಕುಯ್ಯ್ ಎಂದು ಕೂಗುತ್ತೆ, ಚಕ್ರ ಮಾತ್ರ ತಿರುಗಲ್ಲ. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರೋಕೆ ಶುರು! ಬ್ರೇಕ್ ಒತ್ತಿ ಹಿಡಿದು ಕೂಗಿದ ಮೇಲೆ ಪಕ್ಕದ ತೋಟದವರು ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಅವರ ಹಳೇ ಗೇರ್ ಟ್ರ್ಯಾಕ್ಟರ್ ತಂದು ನಮ್ಮದನ್ನು ಶೆಡ್‌ವರೆಗೆ ಎಳೆದುಕೊಟ್ಟರು. “ಬೆಂಗಳೂರು ಟ್ರ್ಯಾಕ್ಟರ್‌ಗೆ ಊಟದ ಟೈಮ್ ಆಯ್ತೇನೋ” ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಓಡುತ್ತೆ! ಇದೇ ಇದರ ಗುಟ್ಟು. ತಣ್ಣಗಿದ್ದಾಗ ಕುದುರೆ, ಬಿಸಿಯಾದರೆ ಕತ್ತೆ.

ಯಾರ್ಡ್‌ನವನಿಗೆ ಫೋನ್ ಮಾಡಿದೆ. ಮೊದಲ ಉತ್ತರ: “ಸರ್ ನೀವು ಹೊಸಬರು, ಪೆಡಲ್ ಪೂರ್ತಿ ಒತ್ತಿಬಿಟ್ಟಿದ್ದೀರಿ.” ಲೋಡ್ ಇದ್ದಾಗ ಪೆಡಲ್ ಸ್ವಲ್ಪ ಬಿಟ್ಟರೆ ಎಳೆಯುವ ಶಕ್ತಿ ಜಾಸ್ತಿ ಅನ್ನೋದು ನಿಜ. ಅದನ್ನೂ ಮಾಡಿ ನೋಡಿದ್ದೆ, ಜಗ್ಗಲಿಲ್ಲ. ಎರಡನೇ ಉತ್ತರ: “ಬಿಸಿಲು ಜಾಸ್ತಿ ಸರ್, ಆಯಿಲ್ ತೆಳು ಆಗುತ್ತೆ.” ಬೆಂಗಳೂರು ಬಿಸಿಲಿಗೆ ತಡೆಯದ ಗಾಡಿ ಲೈಫ್‌ಟೈಮ್ ಗಾಡಿಯಂತೆ! ರಾಯಚೂರಿನವರು ಕೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಎಳೆದುಕೊಂಡು ಬಂದ ವಿಷಯ ನನ್ನ ಬಾಯಿಂದಲೇ ಬಂತು ನೋಡಿ, ಅಲ್ಲಿ ಹಿಡಿದ: “ಎಳೆಸಿದಿರಾ? ಮುಗೀತು ಸರ್. ಎಚ್‌ಎಸ್‌ಟಿ ಎಳೆಯಲೇಬಾರದು, ಪಂಪ್ ಹೋಗಿದ್ದು ನಿಮ್ಮಿಂದಲೇ.” ರೇಂಜ್ ಲಿವರ್ ನ್ಯೂಟ್ರಲ್‌ಗೆ ಹಾಕಿ ನಡಿಗೆ ವೇಗದಲ್ಲಿ ಎಳೆದಿದ್ದು. ಅದೂ ಗಾಡಿ ಕೈಕೊಟ್ಟ ಮೇಲೆ! ಮೊದಲು ನಿಂತಿದ್ದು ಯಾಕೆ ಎಂದು ಕೇಳಿದರೆ “ನೆಟ್‌ವರ್ಕ್ ಸರಿಯಿಲ್ಲ ಸರ್.”

ಗಾಡಿಯನ್ನು ಲಾರಿಗೆ ಹಾಕಿಸಿ ಪೀಣ್ಯಕ್ಕೆ ತಂದೆ. ಅಲ್ಲಿ ಹೈಡ್ರಾಲಿಕ್ ಪಂಪ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಸ್ಪ್ಯಾನರ್ ಹಿಡಿಯುವ ಮುಂಚೆಯೇ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು, “ಬನ್ನಿ ಸ್ವಾಮಿ, ಇಲ್ಲಿ ನೋಡಿ” ಅಂದರು. ಫಿಲ್ಟರ್ ಮೇಲೂ ಅದೇ ಹೊಸ ಬಣ್ಣ. ಫಿಲ್ಟರ್ ಮತ್ತು ಅದು ಕೂರುವ ಜಾಗದ ನಡುವಿನ ಸಂದಿಯ ಮೇಲೆ ಬಣ್ಣ ಒಂದೇ ಪದರವಾಗಿ ಹರಿದು ಒಣಗಿದೆ. ಎಲ್ಲೂ ಬಿರುಕಿಲ್ಲ. ಫಿಲ್ಟರ್ ಬಿಚ್ಚದೆ ಅದರ ಮೇಲೇ ಬಣ್ಣ ಹೊಡೆದಿದ್ದಾರೆ! “ಎರಡೂ ಹೊಸದು ಸರ್” ಅಂದಿದ್ದನಲ್ಲ, ಅವನ ಮುಖ ಕಣ್ಮುಂದೆ ಬಂತು. ಮೈಯೆಲ್ಲ ಉರಿದುಹೋಯಿತು.

ಬಿಚ್ಚಿ, ಡಬ್ಬಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಳಿ ಬಟ್ಟೆ ಮೇಲೆ ಒತ್ತಿದರು. ಹಳದಿ ಬಣ್ಣದ ಪುಡಿ ಮಿಣಮಿಣ ಹೊಳೆಯಿತು. ಪಂಪ್ ಒಳಗಿನ ಕಂಚಿನ ಭಾಗಗಳು ತೇದು ಬಂದ ಪುಡಿ. ಆಯಿಲ್ ಬೆರಳಲ್ಲಿ ಉಜ್ಜಿ ನೋಡಿ, “ಇದು ಈ ಗಾಡಿ ಆಯಿಲ್ ಅಲ್ಲ. ಗಟ್ಟಿ ಆಯಿಲ್ ಸುರಿದಿದ್ದಾರೆ, ಸದ್ದೂ ಅಡಗುತ್ತೆ, ನಾಲ್ಕು ದಿನ ಎಳೆಯುತ್ತೂ ಎಳೆಯುತ್ತೆ” ಅಂದರು. ಅವರ್ ಮೀಟರ್ ಕಡೆಗೂ ಕೈ ತೋರಿಸಿದರು. ಡ್ಯಾಶ್‌ಬೋರ್ಡ್ ಬಿಸಿಲಿಗೆ ಬೆಳ್ಳಗಾಗಿದೆ, ಮೀಟರ್‌ನ ಸ್ಕ್ರೂಗಳು ಮಾತ್ರ ಫಳಫಳ. ತಯಾರಿಕೆ ವರ್ಷದ ಪ್ಲೇಟ್ ಮೇಲೆ 2014 ಎಂದಿದೆ. ಕ್ಯಾಂಪಸ್‌ನಲ್ಲಿ ದಿನಕ್ಕೆ ಮೂರು ಗಂಟೆ ಓಡಿದರೂ 780 ಅವರ್ ಒಂದೇ ವರ್ಷದಲ್ಲಿ ಮುಗಿಯುತ್ತೆ. ಮಿಕ್ಕ ವರ್ಷ ಗಾಡಿ ಏನು ಮಾಡುತ್ತಿತ್ತು, ಮೀಟಿಂಗ್‌ನಲ್ಲಿತ್ತಾ?

ಅವರು ತಿಳಿಸಿಕೊಟ್ಟಿದ್ದನ್ನು ನಿಮಗೂ ಹೇಳುತ್ತೇನೆ. ಪೆಡಲ್ ಒತ್ತಿದಾಗ ಪಂಪ್ ಒಳಗೆ ಒಂದು ತಟ್ಟೆ ಓರೆಯಾಗುತ್ತೆ. ಎಷ್ಟು ಓರೆಯೋ ಅಷ್ಟು ಆಯಿಲನ್ನು ಪಿಸ್ಟನ್‌ಗಳು ಮೋಟರ್‌ಗೆ ತಳ್ಳುತ್ತವೆ, ಮೋಟರ್ ಚಕ್ರ ತಿರುಗಿಸುತ್ತೆ. ಒಳಗೆ ಲೋಹದ ಮೇಲೆ ಲೋಹ ಜಾರುತ್ತಿರುತ್ತೆ, ನಡುವೆ ಆಯಿಲ್‌ನ ತೆಳು ಪೊರೆ ಅಷ್ಟೇ. ಸವೆಯೋಕೆ ಏನಿದೆ ಅಂದನಲ್ಲ, ಸವೆಯೋದೆಲ್ಲ ಅಲ್ಲೇ ಇದೆ! ಗೀರು ಬಿದ್ದರೆ ಆಯಿಲ್ ಒಳಗೊಳಗೇ ಸೋರುತ್ತೆ. ತಣ್ಣಗಿದ್ದಾಗ ಆಯಿಲ್ ಗಟ್ಟಿ, ಸೋರಿಕೆ ಕಮ್ಮಿ. ಬಿಸಿಯಾದರೆ ತೆಳುವಾಗಿ ಸಂದಿಯಲ್ಲಿ ನುಸುಳಿಹೋಗುತ್ತೆ, ಮೋಟರ್‌ಗೆ ಒತ್ತಡವೇ ಸಿಗಲ್ಲ. ಚೆನ್ನಾಗಿ ನೋಡಿಕೊಂಡರೆ 3,000–4,000 ಗಂಟೆ ಆರಾಮಾಗಿ ಬರುತ್ತೆ, ಎಂಜಿನ್‌ಗಿಂತ ಹೆಚ್ಚು ಬಾಳಿದ್ದೂ ಇದೆಯಂತೆ. ಆಯಿಲ್ ಕೆಟ್ಟರೆ, ನೀರು ಸೇರಿದರೆ, ಹುಲ್ಲು ದೂಳು ಕೂತು ಕೂಲಿಂಗ್ ಕಟ್ಟಿದರೆ ಕೆಲವೇ ನೂರು ಗಂಟೆಗೆ ಗೋವಿಂದ. ಹೊಸ ಗಾಡಿಗೆ ಮೊದಲ ಫಿಲ್ಟರ್ 50 ಗಂಟೆಗೇ ಬದಲಿಸಿ ಎಂದು ಸಾಮಾನ್ಯವಾಗಿ ಮ್ಯಾನ್ಯುಯಲ್‌ಗಳಲ್ಲೇ ಇರುತ್ತೆ.

ಯಾರ್ಡ್‌ನವನಿಗೆ ಫಿಲ್ಟರ್ ಫೋಟೋ ಕಳಿಸಿದೆ. ಎರಡು ನೀಲಿ ಟಿಕ್, ಮೌನ. ರಾತ್ರಿ ಬಂದ ಉತ್ತರ: “ರಸೀದಿ ನೋಡಿ ಸರ್. ಗಾಡಿ ಇದ್ದ ಸ್ಥಿತಿಯಲ್ಲೇ ಮಾರಾಟ ಅಂತ ಬರೆದಿದೆ.” ಬರೆದಿದೆ, ರಬ್ಬರ್ ಸ್ಟಾಂಪ್‌ನ ಕೆಳಗೆ, ಇರುವೆ ಅಕ್ಷರದಲ್ಲಿ. ಫಿಲ್ಟರ್ ಹೊಸದು ಎಂದು ಸುಳ್ಳು ಹೇಳಿದ್ದು ಯಾವ ಸ್ಥಿತಿ ಎಂದು ಕೇಳಿದ್ದಕ್ಕೆ, “ಪರವಾಗಿಲ್ಲ, ವಾಪಸ್ ತನ್ನಿ, ಸ್ಪೇರ್ ಪಾರ್ಟ್ಸ್ ಲೆಕ್ಕದಲ್ಲಿ 1,25,000 ಕೊಡ್ತೀನಿ” ಅಂದ. ಅಂದರೆ ಗಾಡಿ ಬೆಲೆ ಎಷ್ಟು ಅನ್ನೋದು ಅವನಿಗೆ ಮೊದಲಿಂದಲೂ ಗೊತ್ತಿತ್ತು ಅಲ್ವಾ?

ಎಚ್‌ಎಸ್‌ಟಿ ನೋಡಲು ಹೋಗುವವರು ಗಾಡಿ ಬಿಸಿಯಾಗುವವರೆಗೆ, ಕನಿಷ್ಠ ಮುಕ್ಕಾಲು ಗಂಟೆ ಲೋಡ್ ಹಾಕಿ ಓಡಿಸಿ. ಆಮೇಲೆ ಏರು ಹತ್ತಿಸಿ, ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ನೀವು ಹೋಗುವಷ್ಟರಲ್ಲಿ ಅವರೇ ಬಿಸಿ ಮಾಡಿಟ್ಟಿದ್ದರೆ ಈ ಪರೀಕ್ಷೆಗೆ ಅಡ್ಡಿಯಿಲ್ಲ. ಫಿಲ್ಟರ್ ನಿಮ್ಮೆದುರೇ ಬಿಚ್ಚಿಸಿ, ಹೊಸ ಫಿಲ್ಟರ್ ಕಾಸು ನೀವೇ ಕೊಡಿ ಬೇಕಿದ್ದರೆ. ಆಯಿಲ್ ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ, ಅಲ್ಲಿಂದ ಹೊರಡಿ. ಸ್ವಲ್ಪ ಕೂಗೋದು ಈ ಗಾಡಿಗಳ ಸ್ವಭಾವ, ಅದಕ್ಕೆ ಹೆದರಬೇಡಿ. ಬಿಸಿಯಾದ ಹಾಗೆ ಕೂಗು ಏರಿ, ಎಳೆತ ಇಳಿದರೆ ಹೆದರಿ. ಬಾಯಿ ಮಾತು ಬೇಡ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ನನ್ನ ಗಾಡಿ ಇನ್ನೂ ಪೀಣ್ಯದಲ್ಲೇ ಇದೆ. ಪಂಪ್ ಬ್ಲಾಕ್‌ನ ಗೀರು ಉಜ್ಜಿ ಸಮ ಮಾಡಲು ಆಗುತ್ತಾ, ಇಲ್ಲ ಇಡೀ ಯೂನಿಟ್ಟೇ ತರಿಸಬೇಕಾ ಎಂದು ಈ ವಾರ ಹೇಳುತ್ತಾರೆ. ನಿನ್ನೆ ಅದೇ ಯಾರ್ಡ್‌ನಿಂದ ಹೊಸ ಜಾಹೀರಾತು ಬಂದಿದೆ: “ಕ್ಯಾಂಪಸ್ ಗಾಡಿ, ಎಚ್‌ಎಸ್‌ಟಿ, ಬರೀ 650 ಅವರ್.” ಯಾರಾದರೂ ನೋಡಲು ಹೋಗುವವರಿದ್ದರೆ ಮೊದಲು ನನಗೆ ಮೆಸೇಜ್ ಮಾಡಿ, ಆ ಹಿರಿಯರ ನಂಬರ್ ಕೊಡುತ್ತೇನೆ.