ಗುಂಡಿ ರಿಪೇರಿಗೆ ಕೊಟ್ಟೆ, ರೇಡಿಯೋನೇ ಹೋಯ್ತು

ಮನೆಯಲ್ಲಿ ಹಳೇ ವಾಲ್ವ್ ರೇಡಿಯೋ, ಅಂದರೆ ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ರೇಡಿಯೋ ಇಟ್ಟುಕೊಂಡಿರುವವರು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಅಪ್ಪನ ಮರ್ಫಿ ರೇಡಿಯೋ ಅದು. ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಮಾಡಿಸಿದ ಅದರ ಲೈಸೆನ್ಸ್ ಪುಸ್ತಕ ಇವತ್ತಿಗೂ ಬೀರುವಿನಲ್ಲಿದೆ. ಕೆಟ್ಟಿದ್ದು ಒಂದೇ, ಸ್ಟೇಷನ್ ಹಾಕುವ ಗುಂಡಿ. ಮುಳ್ಳು 490 ಮೀಟರ್ ಹತ್ತಿರ ಬಂದು ಕೂತುಬಿಟ್ಟಿತ್ತು. ಅಂದರೆ ಮೀಡಿಯಂ ವೇವ್‌ನ 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿ. ಅದು ಚೆನ್ನಾಗೇ ಬರುತ್ತಿತ್ತು. ಅಪ್ಪ ಇದ್ದಾಗ ರಾತ್ರಿ ಊಟ ಆದಮೇಲೆ ಧಾರವಾಡ ಹುಡುಕುತ್ತಿದ್ದರು. ಅಮ್ಮನಿಗೆ ಇನ್ನೊಂದು ಸಲ ಅದನ್ನು ಕೇಳಬೇಕಿತ್ತು. ಅಷ್ಟಕ್ಕೇ ರಿಪೇರಿಗೆ ಕೊಟ್ಟಿದ್ದು. ರೇಡಿಯೋ ಹಾಡುತ್ತಿತ್ತು, ಇನ್ನೊಮ್ಮೆ ಹೇಳುತ್ತೇನೆ, ಹಾಡುತ್ತಿತ್ತು.

ಅಂಗಡಿಯವನು ಹಿಂದಿನ ರಟ್ಟು ಬಿಚ್ಚಿ ಟಾರ್ಚ್ ಹಾಕಿದ. ಎರಡೇ ನಿಮಿಷ. "ಗ್ಯಾಂಗ್ ಹೋಗಿದೆ ಸಾರ್. ಈಗ ಇದು ಎಲ್ಲೂ ಸಿಗಲ್ಲ. ನನ್ನ ಹತ್ರ ಒಂದಿದೆ, ನಿಮಗೋಸ್ಕರ ಹಾಕಿಕೊಡ್ತೀನಿ" ಅಂದ. ಗ್ಯಾಂಗ್ ಅಂದರೆ ಗುಂಡಿ ತಿರುಗಿಸಿದಾಗ ಸ್ಟೇಷನ್ ಬದಲಿಸುವ ಒಳಗಿನ ಭಾಗ. 2,800 ರೂಪಾಯಿ, ಅದರಲ್ಲಿ 500 ಅಡ್ವಾನ್ಸ್. ಚೀಟಿ ಕೇಳಿದೆ. "ನಂಬಿಕೆ ಇಲ್ವಾ ಸಾರ್?" ಅಂದ. ಸುಮ್ಮನಾದೆ.

ಹತ್ತು ದಿನ ಬಿಟ್ಟು ಹೋದೆ. ಸ್ವಿಚ್ ಹಾಕಿದ. ತಕ್ಷಣ ಹಾಡು. ಗುಂಡಿ ಮುಟ್ಟಿದರೆ ಬೆಣ್ಣೆ ಥರ ತಿರುಗುತ್ತಿದೆ, ಮುಳ್ಳು ಈ ತುದಿಯಿಂದ ಆ ತುದಿಗೆ ಸರಾಗವಾಗಿ ಓಡುತ್ತಿದೆ. ನಾನೇ ಕೈಯಾರೆ ಪೂರ್ತಿ ತಿರುಗಿಸಿದೆ. ಅದೇ ಹಾಡು ಬರುತ್ತಲೇ ಇತ್ತು. ಬೇರೆ ಸ್ಟೇಷನ್ ಯಾಕೆ ಬರ್ತಿಲ್ಲ ಅಂದರೆ "ಇಲ್ಲಿ ಬಿಲ್ಡಿಂಗ್ ಜಾಸ್ತಿ ಸಾರ್, ಮನೇಲಿ ಏರಿಯಲ್ ಕಟ್ಟಿ, ಎಲ್ಲಾ ಬರುತ್ತೆ" ಅಂದ. ನಾನು ತಲೆ ಆಡಿಸಿದೆ! ದುಡ್ಡು ಕೊಟ್ಟು, ಮೇಲೆ ಹುಡುಗನಿಗೆ ಕಾಫಿಗೆ ಅಂತ 50 ಬೇರೆ ಕೊಟ್ಟೆ. ಆ 50 ರೂಪಾಯಿ ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಹಾಕಿದ ಕೂಡಲೇ ಅಮ್ಮ ಕೇಳಿದ್ದು ಒಂದೇ ಮಾತು. "ಇಷ್ಟು ಬೇಗ ಯಾವತ್ತೂ ಹಾಡ್ತಿರಲಿಲ್ವಲ್ಲೋ?"

ಎದೆ ಧಸಕ್ ಅಂತು. ವಾಲ್ವ್ ರೇಡಿಯೋ ಅಂದರೆ ಕಾಯಬೇಕು ಅಲ್ವಾ? ಅರ್ಧ ನಿಮಿಷ ಕಾದು, ವಾಲ್ವ್ ಬಿಸಿಯಾಗಿ, ಗುಂಯ್ ಅಂತ ಸದ್ದು ಬಂದು, ಆಮೇಲೆ ದನಿ. ಚಿಕ್ಕಂದಿನಿಂದ ನೋಡಿದ್ದೇನೆ. ಅಂಗಡಿಯಲ್ಲಿ ಅದು ನೆನಪಿಗೇ ಬರಲಿಲ್ಲ.

ಪ್ಲಗ್ ಕಿತ್ತು, ರಟ್ಟು ತೆಗೆದು ನೋಡಿದೆ. ಗ್ಯಾಂಗ್ ಇದ್ದ ಜಾಗ ಖಾಲಿ, ನಾಲ್ಕು ತೂತು ಮಾತ್ರ. ದಾರ ಒಂದು ಖಾಲಿ ಚಕ್ರಕ್ಕೆ ಸುತ್ತಿಕೊಂಡು ಮುಳ್ಳನ್ನು ಎಳೆಯುತ್ತಿದೆ, ಅದಕ್ಕೂ ಸ್ಟೇಷನ್ನಿಗೂ ಸಂಬಂಧವೇ ಇಲ್ಲ. ಇಎಲ್ 84 ವಾಲ್ವ್ ಇಲ್ಲ, ಇಸಿಎಚ್ 81 ಕೂಡ ಇಲ್ಲ. ಮೂಲೆಯಲ್ಲಿ ಕಪ್ಪು ಟೇಪು ಸುತ್ತಿದ ಮೊಬೈಲ್ ಚಾರ್ಜರ್, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎಫ್‌ಎಂ ಕಿಟ್. ಅದನ್ನು 102.9 ಸ್ಟೇಷನ್ನಿಗೆ ನಿಲ್ಲಿಸಿ ಅಂಟು ಹಾಕಿದ್ದ. ಡಯಲ್ ಹಿಂದೆ ಎಲ್‌ಇಡಿ. ಅಪ್ಪನ ರೇಡಿಯೋ ಬರೀ ಡಬ್ಬ ಆಗಿತ್ತು.

ಫೋನ್ ಮಾಡಿದೆ. "ಹಾಡು ಬರ್ತಿದೆಯಲ್ಲ ಸಾರ್?" ಗ್ಯಾಂಗ್ ಎಲ್ಲಿ? "ಈಗ ಮೀಡಿಯಂ ವೇವ್ ಯಾರು ಕೇಳ್ತಾರೆ? ಕ್ಲಿಯರ್ ಆಗಿ ಬರಲಿ ಅಂತ ನಾನೇ ಎಫ್‌ಎಂ ಹಾಕಿದೆ." ವಾಲ್ವ್ ಎಲ್ಲಿ? "ಸತ್ತಿದ್ವು ಸಾರ್, ಗುಜರಿಗೆ ಹಾಕಿದೆ." ಹಿಂದಿನ ದಿನ ತನಕ ಹಾಡುತ್ತಿದ್ದ ವಾಲ್ವ್ ಇವನ ಅಂಗಡಿಗೆ ಹೋಗಿ ಸತ್ತವಂತೆ! ಕೊನೆಗೆ ಅಂದ, "ನೀವು ಕೇಳಿದ್ದು ಗುಂಡಿ ತಿರುಗಬೇಕು ಅಂತ. ತಿರುಗ್ತಿದೆಯಲ್ಲ?" ಇದಕ್ಕೆ ಏನು ಹೇಳೋದು? ಈಗ ಫೋನೂ ಎತ್ತುತ್ತಿಲ್ಲ.

ಹಳೇ ರೇಡಿಯೋ ಹುಚ್ಚಿರುವ ಸ್ನೇಹಿತರೊಬ್ಬರು ಬಂದು ನೋಡಿ ಬೈದರು. ಇಂಥ ಗುಂಡಿ ನಿಲ್ಲುವುದು ಹೆಚ್ಚಾಗಿ ಹಳೇ ಗ್ರೀಸ್ ಅಂಟಿನ ಥರ ಗಟ್ಟಿಯಾಗಿಯಂತೆ, ಇಲ್ಲವೇ ದಾರ ಸಿಕ್ಕಿಕೊಂಡು. ಒರೆಸಿ, ಗುಂಡಿಯ ಕಡ್ಡಿಗೆ ಒಂದು ಹನಿ ಎಣ್ಣೆ ಬಿಟ್ಟು, ಬೇಕಾದರೆ ಹೊಸ ದಾರ ಸುತ್ತಿದರೆ ಆಯ್ತಂತೆ.

ಹಾಗಾಗಿ, ಕೊಡುವ ಮುಂಚೆ ಒಳಗಿನ ಫೋಟೋ ತೆಗೆದಿಡಿ, ವಾಲ್ವ್ ನಂಬರ್ ಬರೆದುಕೊಳ್ಳಿ. ಕಿತ್ತ ಸಾಮಾನೆಲ್ಲ ವಾಪಸ್ ಬೇಕು ಅಂತ ಮೊದಲೇ ಹೇಳಿ. ಚೀಟಿ ಇಲ್ಲ ಅಂದರೆ ಎದ್ದು ಬನ್ನಿ, ನನ್ನ ಹಾಗೆ ಸುಮ್ಮನಾಗಬೇಡಿ. ತರುವಾಗ ಸ್ವಿಚ್ ಹಾಕಿದ ಕೂಡಲೇ ಹಾಡಿದರೆ ದುಡ್ಡು ಕೊಡಬೇಡಿ. ನೀವೇ ಬಿಚ್ಚಲು ಹೋಗುವುದಾದರೆ ಪ್ಲಗ್ ಕಿತ್ತ ಮೇಲೂ ಒಳಗೆ ಕೈ ಹಾಕಬೇಡಿ. ಕಂಡೆನ್ಸರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಅಮ್ಮ ನಿನ್ನೆ ಸಂಜೆಯೂ ಅದರ ಮುಂದೆ ಕೂತು ಗುಂಡಿ ತಿರುಗಿಸುತ್ತಿದ್ದರು. ಮುಳ್ಳು ಈ ತುದಿಯಿಂದ ಆ ತುದಿಗೆ ಹೋಗಿ ಬಂತು. 102.9ರ ಜಾಹೀರಾತು ನಡೆಯುತ್ತಲೇ ಇತ್ತು.