ವಾಟ್ಸಾಪ್ ಬಿಸಿನೆಸ್: ಎರಡೂವರೆ ವರ್ಷದಲ್ಲಿ ನಮ್ಮ ಆಲೆಮನೆಗೆ ಬಂದವರು

ನಾನು ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡಿದ್ದು 2023ರ ಏಪ್ರಿಲ್‌ನಲ್ಲಿ. ಎರಡೂವರೆ ವರ್ಷದಿಂದ ದಿನಾ ಬಳಸುತ್ತಿದ್ದೇನೆ. ಮಂಡ್ಯ ಮತ್ತು ಶ್ರೀರಂಗಪಟ್ಟಣದ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಆಲೆಮನೆ ಇದೆ. ಮಾವನ ಕಾಲದ್ದು. ಬೆಲ್ಲ ಮಾಡಿ ಮಂಡಿಗೂ ಹಾಕುತ್ತೇವೆ, ಬಾಗಿಲಿಗೆ ಬಂದವರಿಗೂ ಕೊಡುತ್ತೇವೆ. ಈ ಬಾಗಿಲಿಗೆ ಬರುವವರ ಸಲುವಾಗಿಯೇ ನಾನು ಫೋನು ಹಿಡಿದಿದ್ದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ಜನ ತಾವಾಗಿಯೇ ಬರುತ್ತಿದ್ದರು. ಹಳೇ ರಸ್ತೆಯಲ್ಲಿ ಬೆಲ್ಲದ ವಾಸನೆ ಹಿಡಿದರೆ ಸಾಕು, ಕಾರು ನಿಧಾನ ಆಗುತ್ತಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಕಬ್ಬಿನ ಹಾಲು ಕುಡಿದು, ಎರಡು ಕೆಜಿ ಬೆಲ್ಲ ಕಟ್ಟಿಸಿಕೊಂಡು ಹೋಗುತ್ತಿದ್ದರು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ಊರುಗಳ ಹೊರಗಿನಿಂದ ಬೈಪಾಸು, ರಸ್ತೆಯ ಪಕ್ಕಕ್ಕೆ ಬೇಲಿ. ಆ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುವುದೂ ನಿಂತಿತು. ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮುಖ್ಯ ರಸ್ತೆಯ ಕಾರುಗಳು ಕಣ್ಣ ಮುಂದೆಯೇ ಹೋಗುತ್ತವೆ. ಆದರೆ ನಿಲ್ಲುವ ಹಾಗಿಲ್ಲ. ಮದ್ದೂರು, ಚನ್ನಪಟ್ಟಣದ ಕಡೆ ರಸ್ತೆ ಬದಿ ಅಂಗಡಿ ಇಟ್ಟುಕೊಂಡವರ ಪಾಡೂ ಇದೇ. ದಾರಿಯಲ್ಲಿ ಹೋಗುವವರನ್ನು ನಂಬಿಕೊಂಡಿದ್ದ ನಮಗೆ, ಹುಡುಕಿಕೊಂಡು ಬರುವವರೇ ಬೇಕಾದರು.

ಮಾವನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಫೋನಲ್ಲಿ ತೋರ್ಸುದ್ರೆ ಬಾಯಿ ಸಿಹಿಯಾಯ್ತದಾ ಕನವ್ವಾ?" ಆ ಪ್ರಶ್ನೆ ಸರಿಯಾಗಿಯೇ ಇತ್ತು. ಫೋಟೊ ನೋಡಿ ಚೆನ್ನಾಗಿದೆ ಅನ್ನುವವರು ಬೇರೆ, ಕಾರು ತಿರುಗಿಸಿಕೊಂಡು ಬರುವವರು ಬೇರೆ. ಈ ವ್ಯತ್ಯಾಸ ನನಗೆ ಅರ್ಥ ಆಗಲು ಒಂದು ವರ್ಷ ಹಿಡಿಯಿತು.

ಮೊದಲ ಆರು ತಿಂಗಳು ನಾನು ತಪ್ಪು ದಾರಿಯಲ್ಲೇ ಹೋದೆ. ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಬೆಲ್ಲದ ಫೋಟೊ ಹಾಕಿದೆ. ಮದುವೆ ಮನೆಯ ಗ್ರೂಪು, ಹಳೇ ಕಾಲೇಜಿನ ಗ್ರೂಪು, ಮಗಳ ಶಾಲೆಯ ಗ್ರೂಪು, ಯಾವುದನ್ನೂ ಬಿಡಲಿಲ್ಲ. ಕೇಳದೆಯೇ ನೂರಾರು ಜನರನ್ನು ಸೇರಿಸಿ ನನ್ನದೇ ಒಂದು ಗ್ರೂಪು ಮಾಡಿದೆ. ಒಂದೇ ವಾರದಲ್ಲಿ ಅರ್ಧ ಜನ ಬಿಟ್ಟು ಹೋದರು. ಅವರದ್ದೇನೂ ತಪ್ಪಿಲ್ಲ. ಕೇಳದೆ ಮನೆಯೊಳಗೆ ನುಗ್ಗಿದ ಹಾಗೆ ಆಗಿತ್ತು ಅದು. ಆಮೇಲೆ ದುಡ್ಡು ಕೊಟ್ಟರೆ ಇನ್‌ಸ್ಟಾಗ್ರಾಮಿನಲ್ಲಿ ಸಾವಿರಾರು ಫಾಲೋವರ್ಸ್ ಮಾಡಿಕೊಡುತ್ತೇನೆ ಅಂತ ಒಬ್ಬರು ಬಂದರು. ಕೊಟ್ಟೆ. ಸಂಖ್ಯೆ ಏರಿತು. ಆ ಲೆಕ್ಕದಲ್ಲಿ ಒಬ್ಬರೂ ನಮ್ಮ ಬಾಗಿಲಿಗೆ ಬರಲಿಲ್ಲ. ನಮ್ಮ ಊರು ಯಾವ ರಾಜ್ಯದಲ್ಲಿದೆ ಅಂತಲೂ ಗೊತ್ತಿಲ್ಲದವರ ಖಾತೆಗಳು ಅವು. ಆ ದುಡ್ಡಿನಲ್ಲಿ ಒಂದು ಹೊಸ ಜರಡಿ ಬರುತ್ತಿತ್ತು.

ಈಗ ಆ್ಯಪಿನ ವಿಷಯ. ಇದರಲ್ಲಿ ಎರಡು ಮಿತಿಗಳಿವೆ. ನಾನು ಮೊದಲು ಬೈದುಕೊಂಡಿದ್ದೂ ಅವನ್ನೇ, ಈಗ ಮೆಚ್ಚುವುದೂ ಅವನ್ನೇ. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ, ಅಂದರೆ ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿಯಲ್ಲಿ, 256 ಜನರನ್ನು ಸೇರಿಸಬಹುದು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ತಲುಪುತ್ತದೆ. ಸ್ಟೇಟಸ್ ಕೂಡ ಹಾಗೇ. ಅವರ ನಂಬರು ನಮ್ಮಲ್ಲಿ, ನಮ್ಮ ನಂಬರು ಅವರಲ್ಲಿ, ಎರಡೂ ಇದ್ದರೆ ಮಾತ್ರ ಕಾಣುತ್ತದೆ. 24 ಗಂಟೆ ಆದ ಮೇಲೆ ತಾನೇ ಹೋಗುತ್ತದೆ. ಇಷ್ಟೆಲ್ಲ ಅಡ್ಡಿ ಇದ್ದರೆ ಜನರಿಗೆ ತಲುಪುವುದು ಹೇಗೆ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಗೊತ್ತಾಯಿತು, ಇದು ಜರಡಿ ಅಂತ. ಒಬ್ಬರು ನಮ್ಮ ನಂಬರನ್ನು ಹೆಸರು ಹಾಕಿ ಸೇವ್ ಮಾಡಿಕೊಂಡಿದ್ದಾರೆ ಅಂದರೆ ಅವರಿಗೆ ಮತ್ತೆ ಬೆಲ್ಲ ಬೇಕು, ಇಲ್ಲವೇ ಮಕ್ಕಳಿಗೆ ಆಲೆಮನೆ ತೋರಿಸಬೇಕು ಅಂತಿದೆ. ಅಂಥವರ ಹತ್ತಿರ ಮಾತ್ರ ನಮ್ಮ ಮಾತು ಹೋಗುತ್ತದೆ. ಅಂದಿನಿಂದ ನಾನು ಹೊಸ ನಂಬರುಗಳನ್ನು ಹುಡುಕುವುದು ಬಿಟ್ಟೆ. ಬಂದವರಿಗೆ ಬಾಳೆ ಎಲೆ ಚೂರಿನ ಮೇಲೆ ಬಿಸಿ ಬೆಲ್ಲ ಹಾಕಿ ಕೊಡುತ್ತೇವಲ್ಲ, ಆಗ ಕೇಳುತ್ತೇನೆ. "ಇಷ್ಟ ಆದ್ರೆ ನಂಬರ್ ಸೇವ್ ಮಾಡ್ಕೊಳಿ, ಪಾಕ ಇಳಿಸೋ ದಿನ ಸ್ಟೇಟಸ್ ಹಾಕ್ತೀನಿ." ಬಾಯಲ್ಲಿ ಬೆಲ್ಲ ಇರುವಾಗ ಇಲ್ಲ ಅಂದವರು ಕಡಿಮೆ. ಬೇಡ ಅಂದವರನ್ನು ಎರಡನೇ ಸಲ ಕೇಳುವುದಿಲ್ಲ.

ಏನು ಹಾಕುತ್ತೇನೆ ಅನ್ನುವುದೂ ಮುಖ್ಯ. ಜೋಡಿಸಿಟ್ಟ ಅಚ್ಚು ಬೆಲ್ಲದ ಫೋಟೊಗೆ ಬರುವುದು ಒಂದೇ ಪ್ರಶ್ನೆ: ಕೆಜಿ ಎಷ್ಟು? ಕೆಲಸ ನಡೆಯುವಾಗಿನ ವಿಡಿಯೊಗೆ ಬರುವ ಪ್ರಶ್ನೆಗಳೇ ಬೇರೆ. ಗಾಣದಿಂದ ಹಾಲು ಬೀಳುವುದು, ಬೆಂಡೆ ಗಿಡದ ಲೋಳೆ ಹಾಕಿದಾಗ ಕೊಪ್ಪರಿಗೆಯಲ್ಲಿ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದು, ಆ ನೊರೆಯನ್ನು ನನ್ನ ಗಂಡ ಎತ್ತಿ ತೆಗೆಯುವುದು. ಒಂದು ಕೊಪ್ಪರಿಗೆ ಹದಕ್ಕೆ ಬರಲು ಎರಡೂವರೆ ಮೂರು ಗಂಟೆ ಬೇಕು. ಕೊನೆಯಲ್ಲಿ ಮಾವ ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ಆಯಿತು ಅಂದರೆ ಇಳಿಸು ಅಂತ. ಇಪ್ಪತ್ತು ಸೆಕೆಂಡಿನ ಆ ಒಂದು ವಿಡಿಯೊಗೆ ಬಂದಷ್ಟು ಜನ ಬೇರೆ ಯಾವುದಕ್ಕೂ ಬಂದಿಲ್ಲ. "ನಾವು ಬಂದಾಗ ಆ ಉಂಡೆ ಮಾಡೋದು ನೋಡಬಹುದಾ?" ಅಂತ ಕೇಳಿದವರು ಬರುತ್ತಾರೆ. ಕೆಜಿ ಎಷ್ಟು ಅಂತ ಮಾತ್ರ ಕೇಳಿದವರಲ್ಲಿ ಬಂದವರು ತುಂಬಾ ಕಡಿಮೆ. ಇದು ನಮ್ಮ ಆಲೆಮನೆಯ ಲೆಕ್ಕ, ಬೇರೆಯವರದ್ದು ಬೇರೆ ಇರಬಹುದು.

ಬಣ್ಣದ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಬೆಲ್ಲ ಕಂದು, ಕೆಲವು ಸಲ ಕಪ್ಪಿಗೇ ತಿರುಗಿರುತ್ತದೆ. ಪೇಟೆಯಲ್ಲಿ ಹಳದಿ ಬೆಲ್ಲ ನೋಡಿ ರೂಢಿಯಾದವರಿಗೆ ಇದು ಹಳೇ ಬೆಲ್ಲದ ಹಾಗೆ ಕಾಣುತ್ತದೆ. ಆ ಹಳದಿ ಬಹಳ ಸಲ ಹೈಡ್ರೋಸ್ ಹಾಕಿ ಬರಿಸಿದ ಬಣ್ಣ. ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ತೆಗೆಯುವ ಪುಡಿ. ಮೊದಮೊದಲು ನಾನು ಫೋಟೊದಲ್ಲಿ ಬೆಳಕು ಜಾಸ್ತಿ ಮಾಡಿ ಬೆಲ್ಲ ಹಳದಿ ಕಾಣುವ ಹಾಗೆ ಹಾಕುತ್ತಿದ್ದೆ. ಬಂದವರು ನೋಡಿ ಮುಖ ಸಣ್ಣ ಮಾಡಿಕೊಂಡು ಹೋದರು. ಈಗ ಇರುವ ಬಣ್ಣವನ್ನೇ ಹಾಕುತ್ತೇನೆ, ಯಾಕೆ ಹೀಗಿದೆ ಅಂತ ಎರಡು ಸಾಲು ಬರೆಯುತ್ತೇನೆ. ನೋಡುವವರು ಕಡಿಮೆ ಆದರು. ಬಂದವರು ಬರಿಗೈಯಲ್ಲಿ ಹೋಗುವುದು ನಿಂತಿತು.

ಆ್ಯಪಿನಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಲಿಂಕು. ನಮ್ಮ ನಂಬರಿಗೆ ನೇರ ಚಾಟ್ ತೆರೆಯುವ ಲಿಂಕನ್ನು ಮಾಡಿಕೊಳ್ಳಬಹುದು. ಅದರ ಕೊನೆಗೆ ಒಂದು ಮಾತನ್ನು ಮೊದಲೇ ಸೇರಿಸಿಡಬಹುದು. ಒತ್ತಿದವರ ಫೋನಿನಲ್ಲಿ ಆ ಮಾತು ಬರೆದಿಟ್ಟ ಹಾಗೆ ಬರುತ್ತದೆ, ಅವರು ಕಳಿಸಿದರೆ ಆಯಿತು. ಇನ್‌ಸ್ಟಾಗ್ರಾಮಿಗೆ ಹಾಕಿದ ಲಿಂಕಿನಲ್ಲಿ "ರೀಲ್ ನೋಡಿದೆ" ಅಂತ ಬರೆದೆ. ಫೇಸ್‌ಬುಕ್ಕಿಗೆ ಬೇರೆ ಮಾತು. ಬೆಲ್ಲದ ಪೊಟ್ಟಣದ ಮೇಲೆ ಅಂಟಿಸುವ ಕ್ಯೂಆರ್ ಚೀಟಿಗೆ "ಪೊಟ್ಟಣ ನೋಡಿದೆ" ಅಂತ. ಯಾರು ಎಲ್ಲಿಂದ ಬಂದರು ಅಂತ ಮೊದಲ ಮೆಸೇಜಿನಲ್ಲೇ ಗೊತ್ತಾಗುತ್ತದೆ. ದೊಡ್ಡ ಕಂಪನಿಗಳು ಇದಕ್ಕೆ ಏನೇನೋ ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತವೆ. ನಮಗೆ ಇಷ್ಟು ಸಾಕು.

ಹೀಗೆ ಬಂದವರಿಗೆ ಲೇಬಲ್ ಹಚ್ಚುತ್ತೇನೆ. ಆ್ಯಪಿನಲ್ಲಿ 20 ಲೇಬಲ್‌ವರೆಗೆ ಮಾಡಿಕೊಳ್ಳಬಹುದು. ನನಗೆ ಬೇಕಾದದ್ದು ನಾಲ್ಕೇ: ಕೇಳಿದವರು, ಬಂದವರು, ಮತ್ತೆ ಬಂದವರು, ಬೇರೆಯವರನ್ನು ಕಳಿಸಿದವರು. ಒಂದು ವರ್ಷ ಆದ ಮೇಲೆ ಕೂತು ನೋಡಿದೆ. ರೀಲ್ ನೋಡಿದವರು "ಕೇಳಿದವರು" ಪಟ್ಟಿಯಲ್ಲಿ ತುಂಬಿದ್ದರು. "ಮತ್ತೆ ಬಂದವರು" ಪಟ್ಟಿಯಲ್ಲಿ ಇದ್ದವರು ಬಹುಪಾಲು ಪೊಟ್ಟಣ ನೋಡಿ ಬಂದವರು. ಅಂದರೆ ಯಾರೋ ಅವರ ಮನೆಗೆ ನಮ್ಮ ಬೆಲ್ಲ ತಂದಿದ್ದಾರೆ, ಇವರು ತಿಂದಿದ್ದಾರೆ, ಚೀಟಿ ನೋಡಿದ್ದಾರೆ. ಮಾವ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಬಾಯಿ ಮೊದಲು ಸಿಹಿಯಾಗಬೇಕು, ಫೋನು ಆಮೇಲೆ ದಾರಿ ತೋರಿಸಬೇಕು. ಅಂದಿನಿಂದ ರೀಲ್ ಮಾಡುವುದನ್ನು ವಾರಕ್ಕೆ ಒಂದಕ್ಕೆ ಇಳಿಸಿದೆ, ಒಂದು ಕೆಜಿ ಕೊಂಡವರಿಗೆ ಚೀಟಿ ಅಂಟಿಸಿದ ಒಂದು ಸಣ್ಣ ಪೊಟ್ಟಣ ಜೊತೆಗೆ ಕೊಡುತ್ತೇನೆ. ಪಕ್ಕದ ಮನೆಗೆ ಕೊಡಿ ಅಂತ.

ಒಂದು ವಿಡಿಯೊ ಮಾತ್ರ ಎಲ್ಲೆಲ್ಲೋ ಹೋಯಿತು, ಅದೇ ಬೆಂಡೆ ಲೋಳೆಯದ್ದು. ಫಾರ್ವರ್ಡ್ ಆಗಿ ಆಗಿ ನಮ್ಮ ನೆಂಟರ ಗ್ರೂಪಿಗೇ ವಾಪಸ್ಸು ಬಂತು. ಅದರಲ್ಲಿ ನಮ್ಮ ಹೆಸರೂ ಇಲ್ಲ, ಊರೂ ಇಲ್ಲ. ಯಾವ ಆಲೆಮನೆ ಅಂತ ನೋಡಿದವರಿಗೆ ಗೊತ್ತಾಗುವುದು ಹೇಗೆ? ವಿಡಿಯೊ ಹಂಚುವವರು ದಯವಿಟ್ಟು ಊರಿನ ಹೆಸರನ್ನು ವಿಡಿಯೊದ ಮೇಲೆಯೇ ಬರೆಯಿರಿ, ಇಲ್ಲವೇ ಬಾಯಲ್ಲಿ ಹೇಳಿ. ಬಹಳ ಸಲ ಫಾರ್ವರ್ಡ್ ಆದದ್ದನ್ನು ವಾಟ್ಸಾಪ್ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಬಿಡುತ್ತದೆ. ಹಾಗಾಗಿ ಆ ಓಟವೂ ಒಂದು ಹಂತಕ್ಕೆ ನಿಧಾನವಾಗುತ್ತದೆ.

ಕ್ವಿಕ್ ರಿಪ್ಲೈ ಇಲ್ಲದಿದ್ದರೆ ನಾನು ಈ ಕೆಲಸ ಬಿಟ್ಟೇ ಬಿಡುತ್ತಿದ್ದೆ. ಪಾಕದ ಹೊತ್ತಿನಲ್ಲಿ ಕೈ ಬಿಡುವಿರುವುದಿಲ್ಲ. ಓರೆ ಗೆರೆ (/) ಒತ್ತಿ "ದಾರಿ" ಅಂತ ಹೊಡೆದರೆ ಮೊದಲೇ ಬರೆದಿಟ್ಟ ಉತ್ತರ ಬರುತ್ತದೆ. ಲೊಕೇಶನ್ ಕಳಿಸಿದರೆ ಸಾಲದು, ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು ಅಂತ ಮಾತಿನಲ್ಲಿ ಬರೆಯಲೇಬೇಕು. ಮುಖ್ಯ ರಸ್ತೆಯಲ್ಲಿ ನಮ್ಮನ್ನು ದಾಟಿ ಹೋದರೆ ತಿರುಗಿ ಬರುವುದು ಕಷ್ಟ. "ಬೆಲೆ" ಅಂತ ಹೊಡೆದರೆ ದರದ ಜೊತೆಗೆ ಒಂದು ಸಾಲು ಬರುತ್ತದೆ: ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ 100ರಿಂದ 120 ಕೆಜಿ ಬೆಲ್ಲ ಸಿಗುತ್ತದೆ, ಸಕ್ಕರೆ ಬೆರೆಸುವುದಿಲ್ಲ ಅಂತ. ಅದಾದ ಮೇಲೆ ಚೌಕಾಸಿ ಕಡಿಮೆಯಾಯಿತು.

ಕ್ಯಾಟಲಾಗ್ ಸರಿಯಾಗಿದೆ. ಅಚ್ಚು, ಉಂಡೆ, ಪುಡಿ ಬೆಲ್ಲ, ಮೂರು ಫೋಟೊ ಹಾಕಿದ್ದೇನೆ, ಅಷ್ಟೇ. ಚಾನೆಲ್ ಅಂತ 2023ರಲ್ಲಿ ಬಂತು. ಅದನ್ನೂ ತೆರೆದೆ. ಅಲ್ಲಿ ಸೇರಿದವರ ನಂಬರು ನಮಗೆ ಕಾಣುವುದಿಲ್ಲ, ಮಾತು ಒಂದೇ ಕಡೆಯಿಂದ. ಸಾವಿರಾರು ಜನರಿಗೆ ಸುದ್ದಿ ಹೇಳುವವರಿಗೆ ಅದು ಬೇಕು. ನನಗೆ ಬೇಕಾಗಿರುವುದು ತಿರುಗಿ ಕೇಳುವವರು. ಬಿಟ್ಟುಬಿಟ್ಟೆ.

ಇದರ ನಿಜವಾದ ಪರೀಕ್ಷೆ ಆಗಿದ್ದು ಬರದ ವರ್ಷದಲ್ಲಿ. 2023ರ ಮುಂಗಾರು ಕೈಕೊಟ್ಟಿತು. ಕೆಆರ್‌ಎಸ್ ತುಂಬಲಿಲ್ಲ. ಮುಂದಿನ ಬೇಸಿಗೆಗೆ ಕಬ್ಬು ಒಣಗಿ ನಿಂತಿತ್ತು. ಎಷ್ಟೋ ದಿನ ಒಲೆ ಹಚ್ಚಲೇ ಇಲ್ಲ. ಹಳೇ ವಿಡಿಯೊಗಳನ್ನೇ ಹಾಕುತ್ತಾ ಇರು, ಜನ ಮರೆಯಬಾರದು ಅಂತ ನನ್ನ ತಮ್ಮ ಹೇಳಿದ. ನನಗೆ ಮನಸ್ಸು ಬರಲಿಲ್ಲ. ತಣ್ಣಗಿರುವ ಒಲೆಯ ಫೋಟೊ ಹಾಕಿ "ಕಬ್ಬು ಇಲ್ಲ, ಬರಬೇಡಿ, ಶುರುವಾದಾಗ ಹೇಳುತ್ತೇನೆ" ಅಂತ ಬರೆದೆ. ಆವತ್ತು ಬಂದಷ್ಟು ಉತ್ತರಗಳು ಯಾವತ್ತೂ ಬಂದಿಲ್ಲ. ಮೈಸೂರಿನ ಕುವೆಂಪುನಗರದಿಂದ ವಯಸ್ಸಾದ ಅಮ್ಮ ಒಬ್ಬರು ದನಿ ಕಳಿಸಿದ್ದರು. "ನೀರು ಬರ್ಲಿ ಮಗಳೇ, ನಾವು ಕಾಯ್ತೀವಿ." 2024ರ ಜುಲೈನಲ್ಲಿ ಕಟ್ಟೆ ತುಂಬಿತು. ಕಬ್ಬು ಬೆಳೆದು ಮತ್ತೆ ಒಲೆ ಹಚ್ಚಿದ ದಿನ ಸ್ಟೇಟಸ್ ಹಾಕಿದಾಗ ಆ ಅಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು.

ಒಂದು ಅಂಕ ಕಳೆದಿದ್ದು ಯಾಕೆ ಅಂದರೆ, ಇದು ಬಿಡುವಿಲ್ಲದ ಕೆಲಸ. ಉತ್ತರ ಕೊಡಲು ತಡವಾದರೆ ಬರಬೇಕು ಅಂದುಕೊಂಡವರು ಬೇರೆ ಕಡೆ ತಿರುಗುತ್ತಾರೆ. ಒಂದು ನಂಬರನ್ನು ಮಾಮೂಲಿ ವಾಟ್ಸಾಪ್ ಮತ್ತು ಬಿಸಿನೆಸ್ ಎರಡರಲ್ಲೂ ಇಟ್ಟುಕೊಳ್ಳಲು ಆಗುವುದಿಲ್ಲ, ಬೇರೆ ಸಿಮ್ ಬೇಕು. ಸ್ಟೇಟಸ್ ನೋಡಿದವರ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ನೀಲಿ ಗುರುತು ಆಫ್ ಮಾಡಿಕೊಂಡವರ ಹೆಸರು ಅದರಲ್ಲಿ ಬರುವುದಿಲ್ಲ. ನೋಡಲಿಲ್ಲ ಅಂತ ನಾನು ಅಂದುಕೊಂಡಿದ್ದ ಎಷ್ಟೋ ಜನ ನೇರವಾಗಿ ಬಂದು ನಿಂತಿದ್ದಾರೆ.

ಇನ್ನೂ ಸರಿಹೋಗದ ಒಂದು ವಿಷಯ ಇದೆ. ಮಳೆ ಬಂದು ಕಬ್ಬಿನ ಸಿಪ್ಪೆ ನೆನೆದರೆ ಒಲೆಗೆ ಉರಿ ಇಲ್ಲ, ಆವತ್ತು ಬೆಲ್ಲ ಇಲ್ಲ. ಗೂಗಲ್ ಮ್ಯಾಪಿನಲ್ಲಿ ಮಾತ್ರ ನಾವೇ ಹಾಕಿದ ಸಮಯದ ಪ್ರಕಾರ ಬಾಗಿಲು ತೆರೆದಿದೆ ಅಂತ ಕಾಣುತ್ತದೆ. ಹಾಗೆ ಎರಡು ಸಲ ಬೆಂಗಳೂರಿನಿಂದ ಬಂದವರು ತಣ್ಣಗಿನ ಕೊಪ್ಪರಿಗೆ ನೋಡಿ ಹೋಗಬೇಕಾಯಿತು. ಅವರಿಗೆ ಮನೆಯಲ್ಲಿದ್ದ ಬೆಲ್ಲ ಕೊಟ್ಟೆ, ಕಾಸು ತೆಗೆದುಕೊಳ್ಳಲಿಲ್ಲ. ಈಗ ನಮ್ಮ ಪ್ರೊಫೈಲಿನ ಮೊದಲ ಸಾಲನ್ನೇ ಬದಲಾಯಿಸಿದ್ದೇನೆ: "ಹೊರಡುವ ಮುಂಚೆ ಒಂದು ಮೆಸೇಜ್ ಹಾಕಿ, ಒಲೆ ಉರಿಯುತ್ತಿದೆಯಾ ಅಂತ ಹೇಳುತ್ತೇವೆ."